ಏಣಿ ಕರಡಿಯ ಕಿವಿಯಲ್ಲಿ ಹೇಳಿದ್ದು

ಆಟ ಇಲ್ಲದ ತಿಂಗಳುಗಳಲ್ಲಿ ಕರಡಿ ತಂತಿಯ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಕಾಲಿಗೆ ಎರಡೆರಡು ಕ್ಲಿಪ್ಪು, ಬಾಲಕ್ಕೆ ಒಂದು, ಕೊರಳಿನ ಕೆಂಪು ಶಾಲಿಗೆ ಇನ್ನೊಂದು. ತಲೆ ಮಾತ್ರ ಬೇರೆ, ನೀರಿನ ಟ್ಯಾಂಕಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತಿತ್ತು. ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ದಿನ ಕಿರುಚುತ್ತಿದ್ದರು, ಮಾರನೇ ದಿನ ವಿಚಾರಿಸುತ್ತಿದ್ದರು, ಆಮೇಲೆ ಅದೇ ತಂತಿಯಲ್ಲಿ ತಮ್ಮ ಟವಲಿಗೂ ಒಂದಿಷ್ಟು ಜಾಗ ಕೇಳುತ್ತಿದ್ದರು.

ಆ ಕರಡಿಯೊಳಗೆ ಹೊಕ್ಕು ಕುಣಿಯುವವನನ್ನು ಬೀದಿಯ ಜನ ಕರಡಿ ಮಾಮ ಅನ್ನುತ್ತಿದ್ದರು. ಹೆಸರು ಕೇಳಿ ಭಾರೀ ಆಸಾಮಿ ಅಂದುಕೊಂಡರೆ ಕೆಟ್ಟಿರಿ. ಕೊಡೆಯ ಕಡ್ಡಿಗೆ ಅಂಗಿ ತೊಡಿಸಿದ ಹಾಗಿದ್ದ. "ಕನ್ನಡಿ ಮುಂದೆ ಅಡ್ಡ ನಿಂತ್ರೆ ನಾನು ಕಾಣ್ಸೋದೇ ಇಲ್ಲ," ಎಂದು ತಾನೇ ಹೇಳಿಕೊಳ್ಳುತ್ತಿದ್ದ. "ಅದಕ್ಕೇ ಕ್ಲಬ್ಬಿನವ್ರು ನನ್ನ ಆರಿಸಿದ್ದು. ಕರಡಿ ಒಳಗೆ ಗಾಳಿ ಆಡೋಕೆ ಜಾಗ ಬೇಕಲ್ಲ!"

ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಗುರುತೇ ಕರಡಿ. ಆಟಕ್ಕೆ ಮೊದಲು, ನಡುವೆ ಬಿಡುವು ಕೊಟ್ಟಾಗ, ಗೆದ್ದಾಗ, ಸೋತಾಗ, ಅಂಕಣಕ್ಕಿಳಿದು ಕುಣಿಯಬೇಕು, ಬೀಳಬೇಕು, ಎದ್ದು ಮೈ ಕೊಡವಬೇಕು. ಕೆಲಸಕ್ಕೆ ಸೇರಿದ ದಿನವೇ ಕ್ಲಬ್ಬಿನ ಮ್ಯಾನೇಜರು ನಿಯಮ ಹೇಳಿದ್ದರು. ಆಟದ ದಿನ ತಲೆ ತೆಗೆದ ಕರಡಿಯನ್ನು ಯಾರೂ ನೋಡಬಾರದು, ಮಕ್ಕಳು ಹೆದರುತ್ತವೆ. ಆದ್ದರಿಂದ ವೇಷ ಹಾಕುವುದು, ಬಿಚ್ಚುವುದು ಎಲ್ಲ ಹಿಂದಿನ ಪೊರಕೆ ಇಡುವ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಕರಡಿ ಮಾತಾಡಲೂಬಾರದು. ಯಾರು ಏನೇ ಅಂದರೂ ಎದೆಯ ಮೇಲೆ ಕೈಯಿಟ್ಟು ಜೋರಾಗಿ ತಲೆ ಆಡಿಸಬೇಕು, ಅಷ್ಟೇ.

ಮಾತಿಲ್ಲದೆ ಒಂದು ಲೋಟ ನೀರು ಕುಡಿಯಲಾರದವನಿಗೆ ಇಂಥ ಕೆಲಸ! ಹೆಂಡತಿ ಹೊಲಿಗೆ ಮಿಷನ್ನು ನಿಲ್ಲಿಸಿ ನಕ್ಕಿದ್ದಳು. "ಮೀನಿಗೆ ಮರ ಹತ್ತೋ ಕೆಲಸ ಕೊಟ್ಟಂಗಾಯ್ತು ಬಿಡಿ." ಆದರೆ ಆ ತಲೆ ಆಡಿಸುವ ಅಭ್ಯಾಸ ಅವನಿಗೆ ಎಷ್ಟು ಹತ್ತಿತೆಂದರೆ, ಮನೆಯಲ್ಲೂ ಅವಳು ಬಾಯಿ ತೆರೆಯುವ ಮೊದಲೇ ಇವನ ಕತ್ತು ಹೊರಟುಬಿಡುತ್ತಿತ್ತು. ಮಾತು ಮುಗಿಯುವಷ್ಟರಲ್ಲಿ ಒಪ್ಪಿಯಾಗಿರುತ್ತಿತ್ತು. ಅವಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.

ಇನ್ನು ಏಣಿ. ಅವನು ಆ ಕ್ಲಬ್ಬಿನ ದೊಡ್ಡ ಆಟಗಾರ. ಉದ್ದ ನೋಡಿ ಜನ ಇಟ್ಟ ಹೆಸರು. ಊರಿಗೆ ಬಂದಿದ್ದ ಒಂದೇ ಒಂದು ಕಪ್ಪು ಅವನ ಕೈಯಿಂದ ಬಂದದ್ದು. ಪ್ರತಿ ಆಟಕ್ಕೂ ಮೊದಲು ಅವನದೊಂದು ಪದ್ಧತಿ. ಅಂಕಣದ ನಡುವೆ ನಿಂತ ಕರಡಿಯ ಬಳಿ ಬಂದು, ಬಗ್ಗಿ, ಅದರ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ. ಕರಡಿ ಎದೆ ಮುಟ್ಟಿಕೊಂಡು ತಲೆ ಆಡಿಸುತ್ತಿತ್ತು. ಕೂತ ಜನವೆಲ್ಲ ಹೋ ಎಂದು ಕೂಗುತ್ತಿತ್ತು. ಆಮೇಲೆ ಆಟ.

ಏನು ಹೇಳುತ್ತಿದ್ದ? ಇದನ್ನು ಊರಿಗೆ ಊರೇ ಕರಡಿ ಮಾಮನನ್ನು ಕೇಳುತ್ತಿತ್ತು. ಕರಡಿ ಮಾಮ ಯಾರನ್ನೂ ನಿರಾಸೆ ಮಾಡಿದವನಲ್ಲ. ಕಟಿಂಗ್ ಶಾಪಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಶುರು ಮಾಡಿದನೆಂದರೆ, ಕೂದಲು ಕತ್ತರಿಸಿಕೊಂಡು ಮುಗಿದವರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ಅವತ್ತು ಏನಂದ ಗೊತ್ತಾ? 'ಮಾಮಾ, ಎಡಗಡೆಯಿಂದ ಹೋಗ್ಲಾ, ಬಲಗಡೆಯಿಂದ ಹೋಗ್ಲಾ?' ಅಂದ. 'ಲೋ ಏಣಿ, ಎರಡೂ ಕಡೆ ಜನ ನಿಂತವ್ರೆ, ಮೇಲ್ಗಡೆಯಿಂದ ಹೋಗೋ' ಅಂದೆ. ಹಾರ್ದ ನೋಡಿ! ನಾನು ಹೊರಗೆ ಹೋಗಿ ಟೀ ಕುಡ್ದು ಬಂದೆ, ಇನ್ನೂ ಇಳಿದಿರ್ಲಿಲ್ಲ. ಕೊನೆಗೆ ಇಳಿದಾಗ ಒಂದು ಕೈಲಿ ಚೆಂಡು, ಇನ್ನೊಂದು ಕೈಲಿ ಪಾರಿವಾಳದ ಮೊಟ್ಟೆ. ಛಾವಣಿ ತೊಲೆ ಮೇಲೆ ಗೂಡಿದೆಯಲ್ಲ, ಅಲ್ಲಿಂದ!"

"ಕರಡಿ ಮಾತಾಡ್ಬಾರ್ದು ಅಂತ ರೂಲ್ಸು ಅಲ್ವಾ?" ಕಟಿಂಗ್ ಶಾಪಿನವನು ಕತ್ತರಿ ನಿಲ್ಲಿಸಿ ಕೇಳುತ್ತಿದ್ದ.

"ನಾನೆಲ್ಲಿ ಮಾತಾಡ್ದೆ? ಸನ್ನೆ ಮಾಡ್ದೆ."

"ಲೋ ಏಣಿ ಅನ್ನೋದಕ್ಕೆ ಸನ್ನೆ ಹೆಂಗಪ್ಪಾ ಮಾಡ್ತಾರೆ?"

"ಅದು ಕಲಿಯೋಕೆ ಕರಡಿ ಆಗ್ಬೇಕು."

ಅಸಲಿ ಸಂಗತಿ ಹೇಳಿಬಿಡೋಣ. ಆ ಕಿವಿಯಲ್ಲಿ ಹೇಳಿದ ಒಂದಕ್ಷರವೂ ಕರಡಿ ಮಾಮನಿಗೆ ಎಂದೂ ಕೇಳಿಸಿರಲಿಲ್ಲ. ಕರಡಿಯ ಕಿವಿ ಇದ್ದದ್ದು ಅವನ ನೆತ್ತಿಗಿಂತ ಒಂದು ಗೇಣು ಮೇಲೆ. ನಡುವೆ ದಿಂಬಿನಷ್ಟು ದಪ್ಪ ಸ್ಪಂಜು. ಸಾಲದ್ದಕ್ಕೆ, ಒಳಗೆ ಉಸಿರುಕಟ್ಟದಿರಲೆಂದು ಇಟ್ಟ ಪುಟ್ಟ ಫ್ಯಾನು ಜೀರುಂಡೆಯ ಹಾಗೆ ಜುಂಯ್ ಎನ್ನುತ್ತಿತ್ತು. ಸಿಡಿಲು ಬಡಿದರೂ ಯಾರೋ ಕದ ಹಾಕಿದರು ಅನ್ನಿಸಬೇಕು. ಏಣಿಯ ಮುಖವೂ ಕಾಣುತ್ತಿರಲಿಲ್ಲ. ಕರಡಿಯ ಬಾಯಿಗೆ ಹೊಲಿದ ಜಾಲರಿ ಕೆಳಮುಖ. ಅದರಿಂದ ಕಾಣುತ್ತಿದ್ದದ್ದು ಅವನ ಮೊಣಕಾಲು. ಹೀಗಾಗಿ ಏಣಿಯ ಪರಮಮಿತ್ರ ಎಂದು ಊರೆಲ್ಲ ಸಾರಿಕೊಂಡು ತಿರುಗಿದ ಕರಡಿ ಮಾಮನಿಗೆ ನಿಜವಾಗಿ ಪರಿಚಯ ಇದ್ದದ್ದು ಎರಡು ಮೊಣಕಾಲುಗಳದ್ದು ಮಾತ್ರ. ಏಣಿಗೋ, ಇವನ ಮುಖ ಹೇಗಿದೆಯೆಂದೇ ಗೊತ್ತಿರಲಿಲ್ಲ.

ಆಟದ ಸೀಸನ್ ಮುಗಿದ ಮೇಲೆ ಸುದ್ದಿಗೆ ಬರಗಾಲ. ಒಬ್ಬ ಆಟಗಾರ ಗಡ್ಡ ತೆಗೆಸಿದರೆ ಮೊದಲ ಪುಟ. ಇನ್ನೊಬ್ಬ ಬೇರೆ ಕ್ಲಬ್ಬಿಗೆ ಹೋಗುತ್ತಾನಂತೆ, ಅವನ ಮನೆಮುಂದೆ ಸಾಮಾನಿನ ಲಾರಿ ನಿಂತಿತ್ತಂತೆ ಎಂದು ಬರೆಯುತ್ತಾರೆ. ಮಾರನೇ ದಿನ ನೋಡಿದರೆ ಲಾರಿ ಬಂದದ್ದು ಪಕ್ಕದ ಮನೆಗೆ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಕಾಲ. ಆ ವರ್ಷವಂತೂ ಇದ್ದದ್ದು ಒಂದೇ ಪ್ರಶ್ನೆ. ಏಣಿ ನಿವೃತ್ತಿ ಆಗುತ್ತಾನೋ, ಇನ್ನೊಂದು ಸೀಸನ್ ಆಡುತ್ತಾನೋ? ಕೊನೆಯ ಆಟದ ದಿನ ಅವನು ಕರಡಿಯ ಕಿವಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದ್ದ. ಅದರ ಫೋಟೋ ಎಲ್ಲ ಕಡೆ ಬಂದಿತ್ತು. ಆಮೇಲೆ ಯಾರೊಂದಿಗೂ ತುಟಿ ಬಿಚ್ಚದೆ, ಫೋನು ಆರಿಸಿ, ಹೆಂಡತಿ ಮಕ್ಕಳ ಜೊತೆ ಎಲ್ಲಿಗೋ ಹೊರಟುಹೋಗಿದ್ದ.

ಊರಿಗೆ ಇದು ಹರಟೆ. ಕರಡಿ ಮಾಮನಿಗೆ ಇದು ಹೊಟ್ಟೆಯ ವಿಷಯ. ವೇಷವನ್ನು ತೊಳೆಯಲು ಮನೆಗೆ ಕಳಿಸುವಾಗ ಮ್ಯಾನೇಜರು ಅಂದಿದ್ದರು: "ನೋಡಪ್ಪ, ಏಣಿ ಆಡಿದ್ರೆ ಕರಡಿ ಇರುತ್ತೆ. ಅವ್ನು ಬಿಟ್ರೆ ಎಲ್ಲಾ ಹೊಸದು. ಹೊಸ ಬಣ್ಣ, ಹೊಸ ಗುರುತು. ಗಿಡುಗ ಅಂತ ಮಾತಾಡ್ತಿದ್ದಾರೆ."

"ಗಿಡುಗನೂ ನಾನೇ ಆಗ್ತೀನಿ ಸಾರ್."

"ಅದು ಮೇಲಿಂದ ಹಗ್ಗದಲ್ಲಿ ಹಾರ್ಕೊಂಡು ಬರ್ಬೇಕು. ನಿಂಗೆ ಕುರ್ಚಿ ಹತ್ತಿದ್ರೇ ತಲೆ ತಿರುಗುತ್ತೆ."

ಅದೂ ನಿಜವೇ. ಕರಡಿ ಹೋದರೆ ಉಳಿಯುವುದು ಬಾಮೈದನ ಹಾಸಿಗೆ ಅಂಗಡಿ. ಆಟವಿಲ್ಲದ ತಿಂಗಳುಗಳಲ್ಲಿ ಹೇಗೂ ಅಲ್ಲಿಯೇ ಹತ್ತಿ ತುಂಬುವುದು, ದಾರ ಪೋಣಿಸಿ ಕೊಡುವುದು ಮಾಡುತ್ತಿದ್ದ. ಹೆಂಡತಿಯ ತಮ್ಮನ ಕೈಕೆಳಗೆ ಕೆಲಸ ಮಾಡುವುದೆಂದರೆ ಹೊಟ್ಟೆಯೊಳಗೆ ಹತ್ತಿ ತುಂಬಿಸಿಕೊಂಡ ಹಾಗೆ. ನೋವಿಲ್ಲ, ಆದರೆ ಉಸಿರಾಡಲಾಗುವುದಿಲ್ಲ.

"ಭಾವ, ಕರಡಿಗೆ ಕೆಲಸ ಹೋದ್ರೆ ಕಾಡಿಗೆ ವಾಪಸ್ ಕಳಿಸ್ತಾರಾ, ಇಲ್ಲಾ ಪೆನ್ಷನ್ ಕೊಡ್ತಾರಾ?" ಬಾಮೈದ ಹತ್ತಿಯ ರಾಶಿಯ ಆಚೆಯಿಂದ ಕೇಳುತ್ತಿದ್ದ.

"ಮಾವನ ಮನೆಗೆ ಕಳಿಸ್ತಾರೆ," ಎನ್ನುತ್ತಿದ್ದ ಕರಡಿ ಮಾಮ. "ಕಾಡಿಗಿಂತ ಅಲ್ಲೇ ಪ್ರಾಣಿ ಜಾಸ್ತಿ."

ಹೀಗೆ ಬಾಯಿಯಲ್ಲಿ ಗೆದ್ದು ಮನಸ್ಸಿನಲ್ಲಿ ಸೋತು ಕೂತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಕಟಿಂಗ್ ಶಾಪಿಗೆ ವರದಿಗಾರನೊಬ್ಬ ಬಂದ. ಸುದ್ದಿ ಸಿಗದೆ ಸೊರಗಿದ್ದ. ಕೈಯಲ್ಲಿ ಆ ಫೋಟೋ ಇತ್ತು.

"ಈ ಕರಡಿ ಒಳಗಿದ್ದೋರು ನೀವೇನಾ?"

"ಒಳಗಿದ್ದೋನೂ ನಾನೇ, ಹೊರಗಿರೋನೂ ನಾನೇ. ಕೂತ್ಕೊಳ್ಳಿ."

"ಕೊನೇ ಆಟದ ದಿನ ಏನು ಹೇಳಿದ್ರು ಅವ್ರು? ನಿವೃತ್ತಿ ವಿಷಯಾನಾ?"

ಕತ್ತರಿಯ ಸದ್ದು ನಿಂತಿತು. ಸೋಪು ಹಚ್ಚಿಸಿಕೊಂಡ ಒಬ್ಬ ಕುರ್ಚಿಯಲ್ಲೇ ತಿರುಗಿ ಕೂತ. ಏನೂ ಕೇಳಿಸಲಿಲ್ಲ ಅನ್ನಬಹುದಿತ್ತು. ಹಾಗಂದರೆ ಇಷ್ಟು ವರ್ಷದ ಪಾರಿವಾಳದ ಮೊಟ್ಟೆಗಳೆಲ್ಲ ಒಂದೇ ಏಟಿಗೆ ಒಡೆದು ಅಂಗಡಿ ತುಂಬ ನಾರುತ್ತಿದ್ದವು. ನಿವೃತ್ತಿ ಆಗ್ತಾನೆ ಅಂದರೆ ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ಕರಡಿ ಮಾಮ ಗಂಟಲು ಸರಿಮಾಡಿಕೊಂಡ. ಪೇಪರಿನಲ್ಲಿ ಬಂದುಬಿಟ್ಟರೆ ಏಣಿಗೇ ಮುಜುಗರವಾಗಿ ಒಂದು ವರ್ಷ ಆಡಿಬಿಟ್ಟರೂ ಆಡಿಬಿಟ್ಟಾನು ಎಂಬ ಆಸೆಯೂ ಒಳಗೆ ಇತ್ತು.

"ಮಾಮಾ, ಇನ್ನೊಂದು ವರ್ಷ ಆಡೇ ಆಡ್ತೀನಿ, ಅಂದ. ಕಣ್ಣಲ್ಲಿ ನೀರು. ಕರಡಿ ಕಿವಿಯೆಲ್ಲ ಒದ್ದೆ. ಬೇಕಿದ್ರೆ ಬನ್ನಿ, ಟ್ಯಾಂಕಿನ ಮೇಲೆ ಇನ್ನೂ ಒಣಗ್ತಾ ಇದೆ."

ಮಾರನೇ ದಿನ ಪೇಪರಿನಲ್ಲಿ ಅಂಗೈ ಅಗಲದ ಅಕ್ಷರ: ಏಣಿ ಆಡೇ ಆಡುತ್ತಾನೆ, ಕರಡಿಗೆ ಕೊಟ್ಟ ಮಾತು! ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿನ ಟಿಕೆಟ್ ಕಿಟಕಿಯ ಮುಂದೆ ಜನ. ಬೀದಿಯ ಮಕ್ಕಳು ಕರಡಿ ಮಾಮನ ಹಿಂದೆ ಮೆರವಣಿಗೆ. ಹೆಂಡತಿ ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಿಮಗೆ ಒಳಗೆ ನನ್ನ ಮಿಷನ್ ಸದ್ದೂ ಕೇಳ್ಸಲ್ಲ ಅಂತಿದ್ರಿ. ಅವ್ನ ಕಣ್ಣೀರಿನ ಸದ್ದು ಹೆಂಗೆ ಕೇಳಿಸ್ತು?"

ಕರಡಿ ಮಾಮನ ಕತ್ತು ತಾನಾಗಿಯೇ ಆಡಿತು.

"ಕೋಲೆಬಸವ," ಅಂದಳು ಅವಳು. "ಒಂದಿನ ಈ ತಲೆ ಆಡಿಸಿ ಆಡಿಸೀನೇ ಹಾಳಾಗ್ತೀರಿ."

ವಾರ ಕಳೆಯುವ ಮೊದಲೇ ಒಂದು ಬಿಸಿಲ ಹೊತ್ತಿನಲ್ಲಿ, ಕರಡಿ ಮಾಮ ತಾರಸಿಯ ಮೇಲೆ ಕೂತು ಹೆಂಡತಿಯ ಹಳೇ ಬಾಚಣಿಗೆಯಿಂದ ಕರಡಿಯ ಬೆನ್ನು ಬಾಚುತ್ತಿದ್ದ. ಕೆಳಗೆ ಮಕ್ಕಳ ಗಲಾಟೆ ಕೇಳಿಸಿ, ತಟ್ಟನೆ ನಿಂತುಹೋಯಿತು. ಬಗ್ಗಿ ನೋಡಿದ. ತಾರಸಿಗೆ ಬರುವ ಹೊರಗಿನ ಮೆಟ್ಟಿಲಲ್ಲಿ ಎರಡು ಮೊಣಕಾಲು ಹತ್ತಿ ಬರುತ್ತಿದ್ದವು.

ಆ ಮೊಣಕಾಲುಗಳನ್ನು ಅವನು ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತಿದ್ದ. ಎಡದ್ದು ಮೆಟ್ಟಿಲು ಹತ್ತುವುದು, ಬಲದ್ದು ಬಂದು ಅದರ ಪಕ್ಕ ನಿಲ್ಲುವುದು. ಎರಡೂ ಸ್ವಲ್ಪ ಸುಧಾರಿಸಿಕೊಳ್ಳುವುದು. ಕೈ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಒಂದು ಕಾಲದಲ್ಲಿ ಛಾವಣಿಯ ಪಾರಿವಾಳಗಳನ್ನು ಹೆದರಿಸುತ್ತಿದ್ದ ಕಾಲುಗಳು ಈಗ ಒಂದು ಮಹಡಿ ಹತ್ತಲು ತಮ್ಮತಮ್ಮಲ್ಲೇ ಮಾತುಕತೆ ನಡೆಸುತ್ತಿದ್ದವು. ಇದಿಷ್ಟನ್ನು ನೋಡುವಷ್ಟು ಹೊತ್ತು ಇದ್ದರೂ, ಬಚ್ಚಿಟ್ಟುಕೊಳ್ಳಲು ಕರಡಿ ಮಾಮನಿಗೆ ಹೊತ್ತು ಸಾಲಲಿಲ್ಲ. ಒದ್ದೆ ಕರಡಿಯ ಹಿಂದೆ ನಿಂತ.

"ಕರಡಿ ಮಾಮ ಇದ್ದಾರಾ?" ಏಣಿ ಮೇಲೆ ಬಂದು ಉಸಿರು ತೆಗೆದುಕೊಂಡ. ತಂತಿ ಅವನ ಎದೆಮಟ್ಟಕ್ಕಿತ್ತು.

"ನಾನೇ ಸಾರ್." ಕಟಿಂಗ್ ಶಾಪಿನಲ್ಲಿ ಲೋ ಏಣಿ ಅನ್ನುತ್ತಿದ್ದ ನಾಲಿಗೆ ಇಲ್ಲಿ ತಾನಾಗಿಯೇ ಮಡಿಚಿಕೊಂಡಿತು.

"ನೀವಾ? ಇಷ್ಟು ಸಣ್ಣಕಿದ್ದೀರಾ!"

"ತೊಳೆದ ಮೇಲೆ ಕುಗ್ಗಿದ್ದೀನಿ ಸಾರ್."

ಏಣಿ ನಗಲಿಲ್ಲ. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತ. ಕೂತರೂ ನಿಂತ ಕರಡಿ ಮಾಮನಷ್ಟೇ ಇದ್ದ. ಜೇಬಿನಿಂದ ಪೇಪರು ತೆಗೆದ.

"ಮಾಮ, ಜಗಳಕ್ಕೆ ಬಂದಿಲ್ಲ. ನಂಗೆ ಅರ್ಥ ಆಗ್ತಿಲ್ಲ, ಅದಕ್ಕೆ ಬಂದೆ. ಅವತ್ತು ನಾನು ನಿಮ್ಮನ್ನ ಕೇಳಿದ್ದು 'ಇಲ್ಲಿಗೆ ಸಾಕು ಮಾಡ್ಲಾ?' ಅಂತ. ನೀವು ತಲೆ ಆಡಿಸಿದ್ರಿ. ಖಾತ್ರಿ ಆಗ್ಲಿ ಅಂತ ಮತ್ತೆ ಕೇಳ್ದೆ. ಮತ್ತೆ ಆಡಿಸಿದ್ರಿ. ಸರಿ, ಮಾಮನೇ ಸಾಕು ಅಂದ್ಮೇಲೆ ಮುಗೀತು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ಈಗ ನೋಡಿದ್ರೆ ನಾನು ಆಡ್ತೀನಿ ಅಂತ ನೀವೇ ಪೇಪರ್‌ನವ್ರಿಗೆ ಹೇಳಿದ್ದೀರಿ. ಮನಸ್ಸು ಬದಲಾಯ್ತಾ?"

ಕರಡಿ ಮಾಮ ಬಾಚಣಿಗೆ ಕೆಳಗಿಟ್ಟ. "ಪ್ರತಿ ಸಲ ನೀವು... ಕೇಳ್ತಿದ್ರಾ ಸಾರ್?"

"ಮತ್ತೆ? ಗೆಲ್ತೀವಾ ಅಂತ ಕೇಳ್ತಿದ್ದೆ. ಗೆಲ್ತೀವಿ ಅಂತಿದ್ರಿ."

"ಸೋತಾಗ?"

"ಮಾಮ ಸರಿಯಾಗೇ ಹೇಳಿದ್ರು, ನಾನೇ ಸರಿಯಾಗಿ ಆಡ್ಲಿಲ್ಲ ಅಂದ್ಕೊಳ್ತಿದ್ದೆ." ಏಣಿ ಕರಡಿಯ ಒದ್ದೆ ಕೈಯನ್ನು ಹಿಡಿದು ಸುಮ್ಮನೆ ಅಲ್ಲಾಡಿಸಿದ. "ಬೇರೇನೂ ಕೇಳಿದ್ದೀನಿ. ಮನೆಯಲ್ಲಿ ಅಪ್ಪ ಇಲ್ಲ, ಅಣ್ಣ ಇಲ್ಲ. ಕ್ಲಬ್ಬಲ್ಲಿ ಯಾರಿಗೆ ಏನು ಹೇಳಿದ್ರೂ ಮಾರನೇ ದಿನ ಸುದ್ದಿ. ನೀವೊಬ್ರೇ ಹೊರಗೆ ಬಿಡದೆ ಇದ್ದೋರು. ಇವಳನ್ನ ಮದುವೆ ಆಗ್ಲಾ ಅಂತ ಕೇಳ್ದೆ, ಹೂಂ ಅಂದ್ರಿ. ಆದೆ."

ಕರಡಿ ಮಾಮನಿಗೆ ತಲೆ ತಿರುಗಿತು. ಯಾವ ತರಕಾರಿ ತರಬೇಕೆಂದು ಹೆಂಡತಿಗೆ ಫೋನು ಮಾಡಿ ಕೇಳುವ ತಾನು, ಊರಿಗೇ ದೊಡ್ಡ ಆಟಗಾರನ ಮದುವೆ ಮಾಡಿಸಿಬಿಟ್ಟಿದ್ದ!

"ಚೆ... ಚೆನ್ನಾಗಿದ್ದೀರಾ ಸಾರ್? ಸಂಸಾರ?"

"ಚೆನ್ನಾಗಿದ್ದೀವಿ. ಇಬ್ರು ಮಕ್ಕಳು."

"ಅಬ್ಬ!"

"ಮನೆ ತಗೊಳ್ಲಾ ಅಂತ್ಲೂ ಕೇಳಿದ್ದೆ. ತಗೊಂಡೆ. ಅದು ಮಾತ್ರ ಸೋರುತ್ತೆ."

"ಅದಕ್ಕೆ ಕ್ಷಮಿಸಿ ಸಾರ್," ಎಂದ ಕರಡಿ ಮಾಮ, ಆ ಮನೆಗೆ ತಾನೇ ಗಾರೆ ಹಾಕಿದವನ ಹಾಗೆ.

ಏಣಿಯ ಕಣ್ಣು ಟ್ಯಾಂಕಿನ ಮೇಲೆ ಬಿತ್ತು. ಎದ್ದು ಕೈ ಚಾಚಿ ಕರಡಿಯ ತಲೆಯನ್ನು ಇಳಿಸಿಕೊಂಡ. ಬೇರೆಯವರಿಗೆ ಅದಕ್ಕೆ ಸ್ಟೂಲು ಬೇಕಿತ್ತು. "ಇಷ್ಟು ವರ್ಷ ಹೊರಗಿಂದ ಮಾತಾಡಿದ್ದೀನಿ. ಒಂದ್ಸಲ ಹಾಕ್ಕೊಳ್ಲಾ?"

ಬೇಡ ಅನ್ನಬೇಕಿತ್ತು. ಕತ್ತು ಆಗಲೇ ಹೂಂ ಅಂದಾಗಿತ್ತು.

ಏಣಿ ತಲೆಯನ್ನು ತಲೆಗೆ ಇಳಿಸಿಕೊಂಡ. ಫ್ಯಾನು ಜುಂಯ್ ಎಂದಿತು. ಅದೇ ಹೊತ್ತಿಗೆ ಕರಡಿ ಮಾಮನ ಹೆಂಡತಿ ಟೀ ತಗೊಂಡು ಮೇಲೆ ಬಂದಳು. ನೋಡುತ್ತಾಳೆ, ಗಂಡ ಕೆಳಗೆ ನಿಂತಿದ್ದಾನೆ, ಕರಡಿಯ ತಲೆ ಆಕಾಶದಲ್ಲಿ ನಿಂತಿದೆ. ಅವಳು ಹೆದರುವ ಪೈಕಿ ಅಲ್ಲ.

"ಸಕ್ಕರೆ ಸಾಕಾ?" ಅಂದಳು.

ಕರಡಿತಲೆ ಆಡಿತು.

"ಇನ್ನೊಂದು ಚಮಚ ಹಾಕ್ಲಾ?"

ಆಡಿತು.

"ಸಕ್ಕರೆನೇ ಬೇಡ್ವಾ?"

ಇನ್ನೂ ಜೋರಾಗಿ ಆಡಿತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗಂಡನ ಕಡೆ ನೋಡಿದಳು. "ಸೇಮ್ ಟು ಸೇಮ್ ನೀವೇ!"

ಕರಡಿ ಮಾಮ ನಗಲಿಲ್ಲ. ಅವನ ಕಣ್ಣು ಅಭ್ಯಾಸಬಲದಿಂದ ಕೆಳಗೆ ಇಳಿದು ಆ ಮೊಣಕಾಲುಗಳ ಮೇಲೆ ನಿಂತಿತ್ತು. ಬಲಗಾಲು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಊದಿಕೊಂಡು, ಪಾಪ, ಹೊಟ್ಟೆತುಂಬ ಬೈಸಿಕೊಂಡ ಮುಖದ ಹಾಗಿತ್ತು. ಈ ಕಾಲಿಗೆ ಇನ್ನೊಂದು ವರ್ಷ ಓಡು ಅಂದವನು ತಾನು, ಪೇಪರಿನಲ್ಲಿ, ಕಣ್ಣೀರು ಸಮೇತ. ಓಡಿದರೆ ಕರಡಿ ಉಳಿಯುತ್ತಿತ್ತು. ಸಾಕು ಅಂದರೆ ಹಾಸಿಗೆ ಅಂಗಡಿ. ಹತ್ತಿಯ ರಾಶಿಯ ಆಚೆ ಬಾಮೈದನ ಹಲ್ಲು ಬೆಳಗಿನಿಂದ ಸಂಜೆವರೆಗೆ ಕಾಣಿಸುತ್ತದೆ.

ಬಕೆಟ್ಟಿನ ಮೇಲೆ ಹತ್ತಿದ. ತಲೆ ಸ್ವಲ್ಪ ತಿರುಗಿತು. ಏಣಿಯ ಭುಜ ಹಿಡಿದುಕೊಂಡು ಕರಡಿಯ ಕಿವಿಗೆ ಬಾಯಿಟ್ಟ. ಕೇಳಿಸುವುದಿಲ್ಲ ಅನ್ನುವುದು ಗೊತ್ತಿದ್ದದ್ದರಿಂದಲೇ ಇರಬೇಕು, ಮಾತು ಸರಾಗವಾಗಿ ಬಂತು.

"ಸಾಕು ಮಾಡಿ ಸಾರ್. ಮೆಟ್ಟಿಲು ಹತ್ತೋದು ನೋಡ್ದೆ. ಸಾಕು."

ಕರಡಿತಲೆ ಆಡಿತು.

ಏಣಿ ತಲೆ ತೆಗೆದ. ಮುಖವೆಲ್ಲ ಬೆವರು, ಕೂದಲು ನಿಮಿರಿ ನಿಂತಿತ್ತು. ಕರಡಿತಲೆಯನ್ನು ಕೈಯಲ್ಲಿ ಹಿಡಿದು, ಒಳಗೆ ಬಗ್ಗಿ ನೋಡಿ, ಹೊರಗೆ ತಿರುಗಿಸಿ ನೋಡಿ, ಕಿವಿಯನ್ನು ಬೆರಳಿನಿಂದ ಒತ್ತಿ ನೋಡಿದ.

"ಇದ್ರೊಳಗೆ ಏನೂ ಕೇಳ್ಸಲ್ಲ!"

ಅವನ ಕೈಯಲ್ಲಿ ಫ್ಯಾನು ಇನ್ನೂ ಜುಂಯ್ ಎನ್ನುತ್ತಿತ್ತು.

"ಏನೂ ಅಂದ್ರೆ ಏನೂ ಕೇಳ್ಸಲ್ಲ!" ಏಣಿ ಮತ್ತೆ ಅಂದ. ಕರಡಿ ಮಾಮ ಓಡಿಹೋಗಲು ಜಾಗ ಹುಡುಕುತ್ತಿದ್ದ. ಬಕೆಟ್ಟಿನ ಮೇಲಿಂದ ಇಳಿಯಲೂ ಹೆದರಿಕೆ. ಅಷ್ಟರಲ್ಲಿ ಏಣಿಯ ಹೊಟ್ಟೆಯೊಳಗಿಂದ ಗುಡುಗಿನ ಹಾಗೆ ನಗು ಹೊರಟಿತು. ನಕ್ಕು ನಕ್ಕು ತಂತಿ ಹಿಡಿದುಕೊಂಡ. ತಂತಿ ಜಗ್ಗಿ ಕರಡಿಯೂ ಕುಣಿಯಿತು. "ಅಯ್ಯೋ ದೇವರೇ! ನನ್ನ ಮದುವೆ! ನನ್ನ ಮನೆ! ಎಲ್ಲಾ ಒಂದು ಸ್ಪಂಜನ್ನ ಕೇಳಿ ಮಾಡ್ಕೊಂಡಿದ್ದೀನಿ!"

"ಸ್ಪಂಜಾದ್ರೂ ವಾಸಿ," ಎಂದಳು ಹೆಂಡತಿ. "ನಾನು ಇವ್ರನ್ನ ಕೇಳಿ ಮಾಡ್ತೀನಿ."

ನಗು ಇಳಿದ ಮೇಲೆ ಏಣಿ ಕಣ್ಣೊರೆಸಿಕೊಂಡ. "ಸರಿ, ಈಗ ನೀವು ಕಿವಿಯಲ್ಲಿ ಏನೋ ಹೇಳಿದ್ರಲ್ಲ ಮಾಮ. ಏನು?"

ಕರಡಿ ಮಾಮನ ನಾಲಿಗೆ ತುದಿಗೆ ಬೇಕಾದಷ್ಟು ಕತೆ ಬಂದು ಸಾಲುಗಟ್ಟಿ ನಿಂತವು. ಊಟ ಮಾಡ್ಕೊಂಡು ಹೋಗಿ ಅಂದೆ ಅನ್ನಬಹುದಿತ್ತು. ಇನ್ನೊಂದೇ ವರ್ಷ ಆಡಿ ಸಾರ್ ಅಂದೆ ಅಂದರಂತೂ ಕೆಲಸವೂ ಉಳಿಯುತ್ತಿತ್ತು, ಪೇಪರಿನ ಮಾತೂ ಉಳಿಯುತ್ತಿತ್ತು. ಹೆಂಡತಿ ಟೀ ಲೋಟ ಹಿಡಿದು ನೋಡುತ್ತಲೇ ಇದ್ದಳು.

"ಸಾಕು ಮಾಡಿ ಅಂದೆ," ಎಂದ.

"ನಾನು ತಲೆ ಆಡಿಸಿದ್ನಾ?"

"ಆಡಿಸಿದ್ರಿ ಸಾರ್."

"ಹಂಗಾದ್ರೆ ಆಯ್ತಲ್ಲ." ಏಣಿ ಟೀ ತಗೊಂಡು ಒಂದೇ ಗುಟುಕಿಗೆ ಕುಡಿದು, ಮುಖ ಹಿಂಡಿದ. "ಸಕ್ಕರೆ ಹಾಕಿಲ್ವೇನಮ್ಮ?"

"ನೀವೇ ಬೇಡ ಅಂದ್ರಲ್ಲ!"

ನಾಲ್ಕಾರು ದಿನದಲ್ಲಿ ಏಣಿಯ ನಿವೃತ್ತಿಯ ಸುದ್ದಿ ಬಂತು. ಊರು ಅತ್ತಿತು. ಕಟಿಂಗ್ ಶಾಪಿನಲ್ಲಿ ಕರಡಿ ಮಾಮನನ್ನು ನಾಲ್ಕೂ ಕಡೆಯಿಂದ ಹಿಡಿದರು: "ಆಡೇ ಆಡ್ತಾನೆ ಅಂದ್ರಲ್ಲಪ್ಪಾ, ಎಲ್ಲಿ ಹೋಯ್ತು ಆ ಕಣ್ಣೀರು?" ಅವನು ಬೆಂಚಿನ ಮೇಲೆ ಒರಗಿ ಅಂದ: "ಆಡ್ತೀನಿ ಅಂತ್ಲೇ ಹಟ ಹಿಡಿದಿದ್ದ. ಮನೆವರೆಗೂ ಬಂದು ಕಾಲು ಹಿಡ್ಕೊಂಡ. ನಾನೇ ಬೇಡ ಅಂತ ನಿಲ್ಲಿಸ್ದೆ." ಯಾರೂ ನಂಬಲಿಲ್ಲ. ಅವನ ಜೀವಮಾನದಲ್ಲಿ ಸತ್ಯಕ್ಕೆ ಅಷ್ಟು ಹತ್ತಿರ ಹೋಗಿದ್ದ ಮಾತು ಅದೊಂದೇ. ಅದಕ್ಕೇ ಜನ ಎಲ್ಲಕ್ಕಿಂತ ಹೆಚ್ಚು ನಕ್ಕರು.

ಆದರೆ ಒಂದು ವಿಚಿತ್ರ ಆಯಿತು. ಪೇಪರಿನಲ್ಲಿ ಬಂದದ್ದೇ ಬಂದದ್ದು, ಕರಡಿಯ ಹೆಸರು ಮಕ್ಕಳ ಬಾಯಲ್ಲೆಲ್ಲ ಕುಣಿಯತೊಡಗಿತು. ಗಿಡುಗನ ವಿಷಯ ಹಿಂದೆ ಬಿತ್ತು. ಹೊಸ ಸೀಸನ್ನಿನ ಮೊದಲ ಆಟಕ್ಕೆ ಏಣಿಯನ್ನು ಕರೆಸಿ, ಅವನ ಜೆರ್ಸಿಯನ್ನು ಛಾವಣಿಗೆ ಏರಿಸಿ ಬೀಳ್ಕೊಡುವುದೆಂದು ಗೊತ್ತಾಗಿತ್ತು. ಆ ಬೆಳಿಗ್ಗೆ ಮ್ಯಾನೇಜರು ಕರೆದು ಹೇಳಿದರು: "ಜನ ಕರಡಿನೇ ಬೇಕು ಅಂತಿದ್ದಾರಪ್ಪ. ಇನ್ನೊಂದಷ್ಟು ವರ್ಷ ನೀನೇ ಇರು."

ಕರಡಿ ಮಾಮ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದ. ದಾರಿಯಲ್ಲಿ ಹಾಸಿಗೆ ಅಂಗಡಿಗೆ ಹೊಕ್ಕು, ಬಾಮೈದನ ಕೈಗೆ ದಾರದ ಉಂಡೆ ಕೊಟ್ಟು, "ಇನ್ಮೇಲೆ ನೀನೇ ಪೋಣಿಸ್ಕೊಳ್ಳಪ್ಪ," ಎಂದು ಹೇಳಿ ಬಂದ. ಹೆಂಡತಿ ಆಗಲೇ ಕರಡಿಯ ತಲೆಗೆ ಕತ್ತರಿ ಹಾಕಿದ್ದಳು. ಸ್ಪಂಜು ಕೊರೆದು, ಕಿವಿಯಿಂದ ಅವನ ಕಿವಿಯವರೆಗೆ ಒಂದು ದಾರಿ ಮಾಡಿ, ಬಲೆಬಟ್ಟೆ ಹೊಲಿದಿದ್ದಳು. "ಫ್ಯಾನು ಆರಿಸ್ಕೊಳ್ಳಿ. ಕೊನೇ ಸಲವಾದ್ರೂ ಆ ಮನುಷ್ಯ ಹೇಳೋದನ್ನ ಕೇಳಿಸ್ಕೊಳ್ಳಿ."

ಸಂಜೆ ಆಸನ ಒಂದೂ ಖಾಲಿ ಇರಲಿಲ್ಲ. ಏಣಿ ಕೋಟು ಹಾಕಿಕೊಂಡು ಕುಂಟುತ್ತ ನಡುವೆ ಬಂದ. ಜೆರ್ಸಿ ಹಗ್ಗದಲ್ಲಿ ಮೆಲ್ಲಮೆಲ್ಲಗೆ ಮೇಲೇರಿ ಪಾರಿವಾಳದ ಗೂಡಿನ ಪಕ್ಕ ನಿಂತಿತು. ಜನ ಎದ್ದು ನಿಂತರು. ಆಮೇಲೆ ಹಳೇ ಪದ್ಧತಿಯಂತೆ ಏಣಿ ಕರಡಿಯ ಹತ್ತಿರ ಬಂದು ಬಗ್ಗಿದ.

ಕರಡಿ ಮಾಮ ಉಸಿರು ಹಿಡಿದ. ಕೇಳಿಸಿತು! ಮೊಟ್ಟಮೊದಲ ಸಲ, ಎದುರು ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಮಾಮ, ಒಬ್ನೇ ಹೋಗೋಕೆ ಬೇಜಾರು. ನಿಮ್ಮ ಮೊಣಕಾಲೂ ಹೇಗಿದೆ ಅಂತ ನೋಡಿದ್ದೀನಿ ನಾನು, ತಾರಸಿ ಮೇಲೆ, ಕರಡಿ ಜಾಲರಿಯಿಂದ. ನೀವೂ ಇವತ್ತೇ ಸಾಕು ಮಾಡ್ತೀರಾ, ನನ್ ಜೊತೆ?"

ಏ, ಬಿಲ್‌ಕುಲ್ ಇಲ್ಲ! ಎಂದುಕೊಂಡ ಕರಡಿ ಮಾಮ. ಈಗ ತಾನೇ ಕೆಲಸ ಗಟ್ಟಿ ಆಗಿದೆ. ದಾರದ ಉಂಡೆ ವಾಪಸ್ ಕೊಟ್ಟು ಬಂದಿದ್ದೀನಿ. ಇಲ್ಲ, ಇಲ್ಲ, ಸಾರ್...

ಅವನ ಕೈ ಎದೆಯ ಮೇಲೆ ಬಂದಿತ್ತು. ಕತ್ತು ಜೋರಾಗಿ ಆಡುತ್ತಿತ್ತು.

ಏಣಿ ಅವನನ್ನು ಬಾಚಿ ತಬ್ಬಿಕೊಂಡ. ಮೈಕು ತಗೊಂಡ. "ನನ್ ಜೊತೆ ನಮ್ಮ ಕರಡಿಯೂ ಇವತ್ತು ನಿವೃತ್ತಿ ಆಗ್ತಿದೆ!" ಚಪ್ಪಾಳೆಗೆ ತೊಲೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಯಾರೋ ಕರಡಿಯ ಕೊರಳಿನ ಕೆಂಪು ಶಾಲು ಬಿಚ್ಚಿ ಅದೇ ಹಗ್ಗಕ್ಕೆ ಕಟ್ಟಿ ಜೆರ್ಸಿಯ ಪಕ್ಕಕ್ಕೆ ಏರಿಸಿದರು. ಅದು ಮೇಲೆ ಹೋಗುವುದನ್ನು ಜಾಲರಿಯೊಳಗಿಂದ ನೋಡಲು ಕರಡಿ ಮಾಮ ಹಿಂದಕ್ಕೆ ಬಾಗಿ ಬಾಗಿ ಕೊನೆಗೆ ಬೆನ್ನ ಮೇಲೆ ಬಿದ್ದ. ಜನ ಅದೂ ಆಟವೇ ಅಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಒಳಗೆ ಅವನು ಅಳುತ್ತಿದ್ದನೋ ನಗುತ್ತಿದ್ದನೋ ಯಾರಿಗೂ ಕಾಣಲಿಲ್ಲ. ಕರಡಿಯ ಕೆಲಸದಲ್ಲಿ ಇರುವ ಒಂದೇ ಅನುಕೂಲ ಅದು.

"ಕೇಳಿಸ್ಲಿಲ್ವಾ?" ಹೆಂಡತಿ ಮನೆಗೆ ಬರುವ ದಾರಿಯುದ್ದಕ್ಕೂ ಕೇಳಿದಳು.

"ಕೇಳಿಸ್ತು."

"ಮತ್ತೆ ಯಾಕ್ರೀ ಆಡಿಸಿದ್ರಿ?"

"ಕಿವಿ ಕೇಳಿಸ್ಕೊಂಡಿತು ಕಣೆ. ಕತ್ತು ಕೇಳ್ಲಿಲ್ಲ."

ಹೀಗೆ ಕರಡಿ ಮಾಮ ಹಾಸಿಗೆ ಅಂಗಡಿ ಸೇರಿದ. ದಾರದ ಉಂಡೆಯನ್ನು ಬಾಮೈದ ಎರಡೂ ಕೈಯಲ್ಲಿ ಹಿಡಿದು, ಕಪ್ಪು ಕೊಡುವವನ ಹಾಗೆ ಕೊಟ್ಟ. ಮೊದಲ ತಿಂಗಳಲ್ಲೇ ಏಣಿ ಅಂಗಡಿಗೆ ಬಂದು ತನ್ನ ಅಳತೆಗೆ ಒಂದು ಹಾಸಿಗೆ ಹೊಲಿಸಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೇಳಿ ಕೇಳಿ ಅವನಿಗೆ ಬೇಸತ್ತಿತ್ತಂತೆ. ಆ ಹಾಸಿಗೆ ಬಾಗಿಲಿನಿಂದ ಹೊರಗೆ ಹೋಗಲು ಬೆಳಗಿನಿಂದ ಮಧ್ಯಾಹ್ನವಾಯಿತು, ತಲೆ ಏಣಿಯ ಮನೆ ಮುಟ್ಟಿದಾಗ ಬಾಲ ಇನ್ನೂ ಅಂಗಡಿಯಲ್ಲೇ ಇತ್ತು ಎಂದು ಕರಡಿ ಮಾಮ ಕಟಿಂಗ್ ಶಾಪಿನಲ್ಲಿ ಹೇಳುತ್ತಾನೆ. ತನ್ನನ್ನು ಬೇರೆ ಊರಿನ ಕ್ಲಬ್ಬುಗಳು ಸಿಂಹ ಆಗು, ಆನೆ ಆಗು ಎಂದು ಇಂದಿಗೂ ಗೋಗರೆಯುತ್ತಿವೆ ಎಂದೂ ಹೇಳುತ್ತಾನೆ.

ವ್ಯಾಪಾರವಂತೂ ಚೆನ್ನಾಗಿದೆ. ಬಂದವರು ಹಾಸಿಗೆ ಒತ್ತಿ ನೋಡಿ, "ಬೆನ್ನುನೋವಿಗೆ ಒಳ್ಳೇದಾ?" ಅನ್ನುತ್ತಾರೆ. ಕರಡಿ ಮಾಮ ಎದೆಯ ಮೇಲೆ ಕೈಯಿಟ್ಟು ತಲೆ ಆಡಿಸುತ್ತಾನೆ. ಅಂಥ ತಲೆ ಆಡಿಸುವಿಕೆಯನ್ನು ಅನುಮಾನಿಸಿದ ಗಿರಾಕಿ ಇನ್ನೂ ಹುಟ್ಟಿಲ್ಲ.

ಮೊನ್ನೆ ಅಂಗಡಿ ಕದ ಎಳೆಯುವ ಹೊತ್ತಿಗೆ ಬಾಮೈದ ಹತ್ತಿಯ ರಾಶಿಯ ಆಚೆಯಿಂದ ಕೂಗಿದ: "ಭಾವ, ನಾಳೆಯಿಂದ ಮೇಲಿನ ಅಟ್ಟದ ಮೂಟೆಗಳನ್ನ ಏಣಿ ಹತ್ತಿ ನೀವೇ ಇಳಿಸ್ತೀರಾ?"

ಕರಡಿ ಮಾಮ ಎರಡೂ ಕೈಯಿಂದ ತನ್ನ ಗದ್ದವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ತಡವಾಗಿತ್ತು.